ಗೆದ್ದರೆ ಹೆಸರು ಪೆನ್ನಿಗೆ!

ನಿನ್ನೆ ಮ್ಯಾಚ್ ಸೋತದ್ದು ನನ್ನಿಂದಲೇ ಅಂತೆ. ಕೊನೇ ಗಳಿಗೆಯಲ್ಲಿ ಕೂತ ಜಾಗದಿಂದ ಎದ್ದೆನಲ್ಲ, ಅದಕ್ಕೆ! ಟಿವಿ ಮುಂದೆ ನಾನು ಎದ್ದರೆ ಅಲ್ಲಿ ಆಡುವವರ ಕೈಕಾಲು ಹೇಗೆ ತಡವರಿಸುತ್ತೆ? ಸಾಕಾಗಿಹೋಗಿದೆ ಈ ಅದೃಷ್ಟದ ಲೆಕ್ಕಾಚಾರ. ತೊಳೆಯದ ಲಕ್ಕಿ ಶರ್ಟು, ಅಂಚು ಸವೆದ ನಾಣ್ಯ, ಕ್ಯಾಪ್ ಕಚ್ಚಿ ಕಚ್ಚಿ ಬಿಳಿಚಿಕೊಂಡ ಅದೇ ಹಳೇ ಪೆನ್ನು. ನಿದ್ದೆಗೆಟ್ಟು ಓದಿ ಪಾಸಾದರೆ ಹೆಸರು ಪೆನ್ನಿಗೆ. ಫೇಲಾದರೆ ಪೆನ್ನಿನ ಸುದ್ದಿಯೇ ಇಲ್ಲ, ಬೆಳಿಗ್ಗೆ ಎದುರಾದ ಯಾರದೋ ಮುಖದ ಮೇಲೆ ಗೂಬೆ ಕೂರಿಸುತ್ತಾರೆ. ಆ ಮುಖ ಏನು ಪಾಪ ಮಾಡಿತ್ತು?

1948ರಲ್ಲಿ ಸ್ಕಿನ್ನರ್ ಎಂಬ ಮನೋವಿಜ್ಞಾನಿ ಪಾರಿವಾಳಗಳಿಗೆ, ಅವು ಏನೇ ಮಾಡಲಿ ಬಿಡಲಿ, ನಿಗದಿತ ಹೊತ್ತಿಗೆ ಕಾಳು ಸಿಗುವಂತೆ ಮಾಡಿದರು. ತಾವು ಮಾಡಿದ್ದಕ್ಕೇ ಕಾಳು ಬಂತು ಎಂಬಂತೆ ಒಂದು ಹಕ್ಕಿ ಗೂಡೊಳಗೇ ಗರಗರ ಸುತ್ತತೊಡಗಿತು, ಇನ್ನೊಂದು ಮೂಲೆಗೆ ತಲೆ ಚಾಚತೊಡಗಿತು. ಕಾಳು ಮಾತ್ರ ತನ್ನ ಪಾಡಿಗೆ ಬರುತ್ತಲೇ ಇತ್ತು. ನಾವೂ ಅಷ್ಟೇ ತಾನೆ?

ವಾದಕ್ಕಿಳಿದರೆ 2010ರ ಜರ್ಮನಿಯ ಪ್ರಯೋಗ ಮುಂದಿಡುತ್ತಾರೆ: ಇದು 'ಲಕ್ಕಿ ಚೆಂಡು' ಅಂತ ಹೇಳಿ ಕೈಗೆ ಕೊಟ್ಟಾಗ ಜನ ಗಾಲ್ಫ್ ಚೆನ್ನಾಗಿ ಆಡಿದರಂತೆ. 2014ರಲ್ಲಿ ಹೆಚ್ಚು ಜನರ ಮೇಲೆ ಅದನ್ನೇ ಮತ್ತೆ ಮಾಡಿದಾಗ ಆ ಪರಿಣಾಮ ಕಾಣಲೇ ಇಲ್ಲವಲ್ಲ, ಅದನ್ನು ಯಾಕೆ ಒಬ್ಬರೂ ಹೇಳುವುದಿಲ್ಲ?