ವಾಲ್ಯೂಮ್ ಅವಳ ಕೈಯಲ್ಲಿರಲಿ

ಹೋದ ಭಾನುವಾರ ನನ್ನ ತಮ್ಮ ಹೊಸ ಸ್ಪೀಕರ್ ಹೊತ್ತುಕೊಂಡು ಮನೆಗೆ ಬಂದಿದ್ದ. ಜೊತೆಗೆ ಇಂಗ್ಲೆಂಡಿನ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್’ ಸಿಡಿ. ಊಟ ಆಗಿತ್ತು, ಎಲ್ಲರೂ ಹಾಲ್‌ನಲ್ಲಿ ಕಾಲು ಚಾಚಿ ಕೂತಿದ್ದೆವು. ‘ಅಕ್ಕಾ, ಇದರ ಕೊನೇ ಹಾಡು ಕೇಳು, ಸೌಂಡ್ ಜೋರಾಗಿಟ್ಟೇ ಕೇಳ್ಬೇಕು’ ಅಂತ ‘ಎ ಡೇ ಇನ್ ದ ಲೈಫ್’ ಹಾಕಿದ. ಗಿಟಾರು, ಪಿಯಾನೊ, ಜಾನ್ ಲೆನನ್‌ನ ಅರೆನಿದ್ದೆಯ ದನಿ. ನನ್ನ ಹನ್ನೊಂದು ವರ್ಷದ ಮಗಳು ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಾ ತಲೆದೂಗುತ್ತಿದ್ದಳು. ಎರಡು ನಿಮಿಷವೂ ಆಗಿರಲಿಲ್ಲ, ಆರ್ಕೆಸ್ಟ್ರಾ ತಳದಿಂದ ಏಳತೊಡಗಿತು. ಅವಳು ಪೆನ್ಸಿಲ್ ಬಿಸಾಕಿ ಎರಡೂ ಕಿವಿ ಮುಚ್ಚಿಕೊಂಡಳು. ಆಮೇಲೆ ಓಡಿಹೋಗಿ ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡಳು.

‘ಇಷ್ಟಕ್ಕೆಲ್ಲಾ ಹೀಗಾಡಿದ್ರೆ ಹೇಗೆ? ಕೇಳ್ತಾ ಕೇಳ್ತಾ ಅಭ್ಯಾಸ ಆಗುತ್ತೆ ಬಿಡು’ ಅಂದರು ಕೂತಿದ್ದವರೊಬ್ಬರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಗೊತ್ತು. ಆದರೆ ಮಿಕ್ಸಿಯಿಂದ ಹಿಡಿದು ಗಣೇಶನ ಮೆರವಣಿಗೆಯ ಡಿಜೆವರೆಗೆ ಎಲ್ಲದಕ್ಕೂ ಈ ಮಾತನ್ನೇ ಕೇಳಿ ಕೇಳಿ ನನಗೆ ಸಾಕಾಗಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲಿಗೆ, ಅವಳು ಹೆದರಿದ್ದು ಸುಮ್ಮನೆ ಅಲ್ಲ. ಆ ಭಾಗವನ್ನು ಮಾಡಿದ್ದೇ ಹಾಗೆ. 1967ರ ಫೆಬ್ರವರಿ 10ರಂದು ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ 40 ವಾದಕರನ್ನು ಕೂರಿಸಿಕೊಂಡಿದ್ದರು. ನಿಮ್ಮ ವಾದ್ಯದ ತೀರಾ ಕೆಳಗಿನ ಸ್ವರದಿಂದ ಶುರುಮಾಡಿ, 24 ಬಾರ್‌ಗಳಲ್ಲಿ (ಬಾರ್ ಅಂದರೆ ತಾಳದ ಒಂದು ಸುತ್ತು) ತೀರಾ ಮೇಲಕ್ಕೆ ಮುಟ್ಟಬೇಕು, ಆದರೆ ಪಕ್ಕದವನ ಜೊತೆ ಹೊಂದಿಸಿಕೊಂಡು ನುಡಿಸಬಾರದು ಅನ್ನೋದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಕೊಟ್ಟ ಸೂಚನೆ. ಅದನ್ನು ಹಲವು ಸಲ ರೆಕಾರ್ಡ್ ಮಾಡಿ ಒಂದರ ಮೇಲೊಂದು ಹೇರಿದರು. ಶ್ರುತಿ ಹಿಡಿದು ನಿಲ್ಲಲು ಅಲ್ಲಿ ಒಂದು ಸ್ವರವೂ ಸಿಗುವುದಿಲ್ಲ, ಎಲ್ಲವೂ ಜಾರುತ್ತಾ ಮೇಲೇರುತ್ತವೆ. ಹೀಗೆ ಜೋರಾಗುತ್ತಲೇ ಬರುವ ಸದ್ದನ್ನು ನಮ್ಮ ಮೆದುಳು ‘ಏನೋ ನನ್ನತ್ತ ಬರುತ್ತಿದೆ’ ಎಂದೇ ಓದಿಕೊಳ್ಳುತ್ತದೆ, ಲಾರಿ ಹತ್ತಿರವಾದ ಹಾಗೆ. ತುತ್ತತುದಿಯಲ್ಲಿ ಎಲ್ಲ ಗಕ್ಕನೆ ನಿಂತು ಅಲಾರಂ ಗಡಿಯಾರ ಹೊಡೆದುಕೊಳ್ಳುತ್ತದೆ. ಆ ಗಡಿಯಾರ ಅಲ್ಲಿ ಸೇರಿದ್ದು 24 ಬಾರ್ ಮುಗಿದದ್ದು ಗೊತ್ತಾಗಲಿ ಅಂತ ಇಟ್ಟಿದ್ದರಿಂದ. ಹಾಡಿನವರಿಗೇ ಒಂದು ಮುನ್ಸೂಚನೆ ಬೇಕಾಗಿತ್ತು, ನೋಡಿ.

ನನ್ನ ಮಗಳಂಥವರಿಗೆ ಯಾರೂ ಮುನ್ಸೂಚನೆ ಕೊಡುವುದಿಲ್ಲ. ಕೆಲವರಿಗೆ ಹೈಪರ್‌ಅಕ್ಯುಸಿಸ್ ಇರುತ್ತದೆ, ಸಾಧಾರಣ ಸದ್ದೂ ನೋವಾಗುವ ಸ್ಥಿತಿ. ಮೈಗ್ರೇನ್ ಇದ್ದವರಿಗೆ, ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಸದ್ದು ತಡೆಯಲಾಗುವುದಿಲ್ಲ. ಕಿವಿಗೆ ಹತ್ತಿ ತುರುಕಿ ಸದಾಕಾಲ ಕೂರಿಸುವುದೂ ಪರಿಹಾರವಲ್ಲ, ಹಾಗೆ ಮಾಡಿದರೆ ಸೂಕ್ಷ್ಮ ಇನ್ನೂ ಹೆಚ್ಚಾಗಬಹುದು. ಮನೆಯಲ್ಲಿ ಇಂಥ ಮಗು ಇದ್ದರೆ ಒಮ್ಮೆ ಶ್ರವಣತಜ್ಞರಿಗೆ ತೋರಿಸಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.

ನಾನು ಕೇಳುವುದು ಬಹಳ ಸಣ್ಣದು. ಮುಂದೆ ಏನು ಬರುತ್ತದೆ ಅಂತ ಹೇಳಿ. ವಾಲ್ಯೂಮ್ ಅವರ ಕೈಗೆ ಕೊಡಿ. ‘ಮೊದಲೇ ಹೇಳಿದರೆ ಹಾಡಿನ ಮಜಾ ಹೋಗುತ್ತೆ’ ಅಂತ ತಮ್ಮನೂ ಅಂದ. ನಾನು ಒಪ್ಪಲಿಲ್ಲ. ನಮ್ಮ ಮದುವೆಮನೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಕೈ ಎತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಅಂತ ಕೂಗುವುದಿಲ್ಲವೇ? ಆ ಕೂಗು ಕೇಳಿದ್ದಕ್ಕೆ ಯಾರಿಗಾದರೂ ಆ ಕ್ಷಣದ ರೋಮಾಂಚನ ಕಡಿಮೆಯಾಗಿದೆಯೇ? ನನ್ನ ಮಗಳು ಗಟ್ಟಿಮೇಳಕ್ಕೆ ಓಡಿಹೋಗುವುದಿಲ್ಲ. ಆ ಕೈ ಮೇಲೆದ್ದ ಕೂಡಲೇ ಕಿವಿ ಮುಚ್ಚಿಕೊಂಡು, ಕಣ್ಣರಳಿಸಿ ಅಕ್ಷತೆ ಬೀಳುವುದನ್ನೇ ನೋಡುತ್ತಾ ನಿಲ್ಲುತ್ತಾಳೆ.

ಬುಧವಾರ ಸಂಜೆ ಅವಳೇ ಕೇಳಿದಳು, ‘ಅಮ್ಮಾ, ಆ ಹಾಡು ಆಮೇಲೆ ಏನಾಯ್ತು?’ ತಮ್ಮ ಸಿಡಿ ಬಿಟ್ಟುಹೋಗಿದ್ದ. ನಮ್ಮ ಹಳೆಯ ಪ್ಲೇಯರ್ ತೆಗೆದೆ, ಅದರಲ್ಲಿ ತಿರುಗಿಸುವ ವಾಲ್ಯೂಮ್ ಇದೆ. ಮೊದಲು ನಾನೊಬ್ಬಳೇ ಕೇಳಿ ಅವಳ ಡ್ರಾಯಿಂಗ್ ಹಾಳೆಯ ಮೇಲೆ ಒಂದು ಗೆರೆ ಎಳೆದೆ: ಇಲ್ಲಿ ಸಮತಟ್ಟು, ಇಲ್ಲಿ ಗುಡ್ಡ, ಇಲ್ಲಿ ಅಲಾರಂ, ಮತ್ತೆ ಸಮತಟ್ಟು, ಇನ್ನೊಂದು ಗುಡ್ಡ, ಚೂರು ಮೌನ, ಕೊನೆಗೆ ಒಂದು ದೊಡ್ಡ ಹೊಡೆತ. ಅವಳು ಎಡಗೈ ಬೆರಳನ್ನು ಗೆರೆಯ ಮೇಲಿಟ್ಟು, ಬಲಗೈಯಲ್ಲಿ ವಾಲ್ಯೂಮ್ ಹಿಡಿದು ಕೂತಳು. ಗುಡ್ಡ ಬಂದಾಗ ಇಳಿಸಿದಳು. ಗಡಿಯಾರ ಹೊಡೆದಾಗ ಭುಜ ಒಮ್ಮೆ ಅದುರಿತು, ಅಷ್ಟೇ. ಎರಡನೇ ಗುಡ್ಡಕ್ಕೆ ಮೊದಲಿನಷ್ಟು ಇಳಿಸಲಿಲ್ಲ.

ಕೊನೆಯ ಹೊಡೆತ ಅಂದರೆ ಹಲವು ಪಿಯಾನೊಗಳ ಮೇಲೆ ಒಟ್ಟಿಗೆ ಒತ್ತಿದ ಒಂದೇ ಕಾರ್ಡ್, ಅಂದರೆ ಸ್ವರಗಳ ಗೊಂಚಲು. ಅದು 40 ಸೆಕೆಂಡಿಗೂ ಹೆಚ್ಚು ಉಳಿಯುತ್ತದೆ. ಸಾಯುವ ನಾದ ಅಷ್ಟು ಹೊತ್ತು ಹೇಗೆ ಉಳಿಯಿತು ಗೊತ್ತೇ? ನಾದ ಇಳಿದ ಹಾಗೆಲ್ಲಾ ಎಂಜಿನಿಯರ್ ಜೆಫ್ ಎಮರಿಕ್ ರೆಕಾರ್ಡಿಂಗ್ ಮಟ್ಟವನ್ನು ನಿಧಾನಕ್ಕೆ ಏರಿಸುತ್ತಾ ಹೋದರು. ಹಾಡು ಹುಟ್ಟಿದ್ದೇ ಒಬ್ಬರು ಕೈಯಲ್ಲಿ ವಾಲ್ಯೂಮ್ ಹಿಡಿದು ಕೂತದ್ದರಿಂದ. ಹಾಗಿರುವಾಗ ನನ್ನ ಮಗಳು ವಾಲ್ಯೂಮ್ ಮುಟ್ಟಿದರೆ ಹಾಡು ಕೆಡುತ್ತದೆ ಅಂತ ನನಗೆ ಯಾರೂ ಹೇಳಬೇಡಿ.

ಅವಳೂ ಹಾಗೇ ಏರಿಸಿದಳು, ಯಾರೂ ಹೇಳಿಕೊಟ್ಟಿರಲಿಲ್ಲ. ‘ಕುರ್ಚಿ ಕಿರ್ ಅಂತು’ ಅಂದಳು. ಮೂರು ಸಲ ಕೇಳಿದ ಮೇಲೆ ನನಗೂ ಆ ಕುರ್ಚಿ ಸಿಕ್ಕಿತು, 1967ರ ಆ ಕೋಣೆಯಲ್ಲಿ ಯಾರೋ ಅಲುಗಾಡಿದ್ದು. ನಾದ ಆರಿತು. ಮುಗಿಯಿತು ಅಂತ ನಾನು ಎದ್ದೆ. ಅವಳು ನನ್ನ ಸೆರಗು ಹಿಡಿದು ಎಳೆದಳು.

‘ಇರು, ಇನ್ನೂ ಇದೆ. ಸೂಜಿ ಥರ ಒಂದು ಸದ್ದು ಬರ್ತಿದೆ.’

ನನಗೆ ಏನೂ ಕೇಳಲಿಲ್ಲ. ಆಮೇಲೆ ತಮ್ಮನಿಗೆ ಫೋನ್ ಮಾಡಿದಾಗ ಗೊತ್ತಾಯಿತು: ಕೊನೆಯ ಕಾರ್ಡ್ ಆದ ಮೇಲೆ 15,000 ಹರ್ಟ್ಜ್‌ನ, ಅಂದರೆ ತೀರಾ ಎತ್ತರದ ಶ್ರುತಿಯ ಒಂದು ಸದ್ದು ಸೇರಿಸಿದ್ದಾರೆ, ಮುಖ್ಯವಾಗಿ ನಾಯಿಗಳಿಗೆ ಕೇಳಲಿ ಅಂತ. ಮಕ್ಕಳ ಕಿವಿಗೂ ಅದು ಸಿಗುತ್ತದೆ, ವಯಸ್ಸಾದಂತೆ ನಮ್ಮಂಥ ಬಹಳ ಜನರಿಗೆ ಸಿಗುವುದಿಲ್ಲ. ತಮ್ಮನಿಗೆ ಇದೆ ಅಂತ ಗೊತ್ತಿತ್ತು, ಆದರೆ ಅವನಿಗೂ ಕೇಳಿಸಿರಲಿಲ್ಲ.

ಮಗಳು ಹಾಳೆಯನ್ನು ತನ್ನ ಕಡೆಗೆಳೆದುಕೊಂಡು, ನಾನು ಗೆರೆ ನಿಲ್ಲಿಸಿದ್ದ ಕಡೆಯಿಂದ ಕೆಂಪು ಪೆನ್ಸಿಲ್ಲಿನಲ್ಲಿ ಇನ್ನೊಂದು ತೆಳ್ಳನೆಯ ಗೆರೆ ಎಳೆದಳು, ಹಾಳೆಯ ತೀರಾ ಮೇಲಿನ ಅಂಚಿನಲ್ಲಿ. ಈಗ ಅದು ಫ್ರಿಜ್ ಮೇಲೆ ಅಂಟಿಸಿದೆ.