ಹುಳಕ್ಕೂ ಒಂದು ಪಾಲು

ನಮ್ಮನೆ ನಂದಿಬಟ್ಟಲು ಗಿಡ ಬೋಳಾಗಿದೆ. ತುದಿಯಲ್ಲಿ ನಾಲ್ಕು ಎಲೆ ಉಳಿದಿದ್ದರೆ ಹೆಚ್ಚು. ಬುಡದಲ್ಲಿ ದಿನಾ ಹಿಕ್ಕೆ ಗುಡಿಸಿ ಗುಡಿಸಿ ಸಾಕಾಯಿತು. ರಂಗೋಲಿ ಮೇಲೂ ಅದೇ.

ಮೈಸೂರಿನಲ್ಲಿ ನಂದಿಬಟ್ಟಲು ಇಟ್ಟವರಿಗೆ ಹುಳದ ಕಾಟ ಆಮೇಲಿನದು. ಮೊದಲನೆಯದು ವಾಕಿಂಗ್ ಹಿರಿಯರದು. ನಮ್ಮ ಬೀದಿಯವರು ಬೆಳಕು ಹರಿಯುವ ಮುಂಚೆ ಕೊಕ್ಕೆ ಕೋಲು, ಪ್ಲಾಸ್ಟಿಕ್ ಕವರ್ ಸಮೇತ ಹಾಜರ್. ಕಾಂಪೌಂಡ್ ದಾಟಿದ ಕೊಂಬೆಯನ್ನಷ್ಟೇ ಮುಟ್ಟುವುದು ಅವರ ನಿಯಮ. ಒಳಗಿನ ಕೊಂಬೆಯನ್ನು ಕೊಕ್ಕೆ ಹಾಕಿ ಆಚೆಗೆ ಎಳೆಯುತ್ತಾರೆ, ಈಗ ಅದೂ ಕಾಂಪೌಂಡ್ ದಾಟಿತಲ್ವಾ! ಮೊಗ್ಗೂ ಬಿಡುವುದಿಲ್ಲ. ನಮ್ಮನೆ ದೇವರಿಗೆ ನಾನು ದೇವರಾಜ ಮಾರುಕಟ್ಟೆಯಿಂದ ದುಡ್ಡು ಕೊಟ್ಟು ಸೇವಂತಿಗೆ ತರಬೇಕು.

ಮೊನ್ನೆ ಆ ಹಿರಿಯರೇ ಗೇಟ್ ಬಡಿದರು.

"ಏನಮ್ಮಾ, ಗಿಡ ಹೀಗಾ ಇಟ್ಕೊಳ್ಳೋದು? ನಾಳೆ ಸೋಮವಾರ ಬೇರೆ!"

"ಹುಳ ಬಿದ್ದಿದೆ ಸಾರ್."

"ಎಲ್ಲಿ ಹುಳ? ನಂಗೇನೂ ಕಾಣ್ತಿಲ್ಲ."

ಕಾಣುವುದಿಲ್ಲ, ನಿಜ. ಕಣಗಿಲೆ ಪತಂಗದ ಮರಿ ಅದು. 3 ಇಂಚು ಬೆಳೆದಿದ್ದರೂ ಎಲೆಯ ಬಣ್ಣವೇ. ಪಕ್ಕದಲ್ಲೊಂದು ಬಿಳಿ ಗೆರೆ, ಬಾಲದಲ್ಲಿ ಪುಟ್ಟ ಕೊಂಬು. ದನ ತಿಂದರೆ ಸಾಯುವ ಕಣಗಿಲೆ ಎಲೆಯನ್ನೂ ಅರಗಿಸಿಕೊಳ್ಳುತ್ತದೆ. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇದಕ್ಕೆ ವೈಜ್ಞಾನಿಕ ಹೆಸರಿಡುವಾಗ ಹೆಸರಿನಲ್ಲಿ ಕಣಗಿಲೆಯನ್ನೇ ಸೇರಿಸಿದ. ನಂದಿಬಟ್ಟಲು ಇದಕ್ಕೆ ಯಾವ ಲೆಕ್ಕ?

ಹಿರಿಯರು ಬಿಡಲಿಲ್ಲ. ಕೊಕ್ಕೆ ಹಾಕಿ ಕೊಂಬೆಯನ್ನು ಮೂಗಿನ ಹತ್ತಿರ ಎಳೆದುಕೊಂಡರು. ಹುಳಕ್ಕೆ ಗಾಬರಿ. ತಲೆ ಒಳಗೆಳೆದು ಕತ್ತು ಉಬ್ಬಿಸಿತು. ಕತ್ತಿನ ಮೇಲೆ ನೀಲಿ ಬಿಳುಪಿನ ಎರಡು ದೊಡ್ಡ ಕಣ್ಣು!

"ಅಯ್ಯೋ, ಹಾವಿನ ಮರಿ!"

ಕೊಂಬೆ ಆಚೆ, ಕೋಲು ಈಚೆ, ಕವರ್ ರಸ್ತೆಗೆ. ಎದುರುಮನೆ ದಾಸವಾಳ, ಮೂಲೆಮನೆ ಪಾರಿಜಾತ, ಯಾರದೋ ತುಂಬೆ, ಎಲ್ಲಾ ಹೊರಗೆ ಬಂತು. ಅಷ್ಟರಲ್ಲಿ ಎದುರುಮನೆಯವರು ಹಾಲು ತಗೊಳ್ಳೋಕೆ ಬಾಗಿಲು ತೆಗೆದರು.

"ಅದು ಕಣ್ಣಲ್ಲ ಸಾರ್, ಬರೀ ಬಣ್ಣ" ಅಂದೆ. ಕೇಳುವ ಸ್ಥಿತಿಯಲ್ಲಿರಲಿಲ್ಲ. ಹೂವು ಆರಿಸಿಕೊಳ್ಳುತ್ತಾ, "ಬೇವಿನೆಣ್ಣೆ ಹೊಡಿಯಮ್ಮ" ಅಂದರು.

ಹೊಡೆಯುವ ಮನಸ್ಸಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಕಂದು ಬಣ್ಣಕ್ಕೆ ತಿರುಗಿ, ಕೆಳಗಿಳಿದು, ತರಗೆಲೆಯಡಿ ಕೋಶವಾಗುತ್ತದೆ. ಆ ಪತಂಗ ಒಂದು ಸಲ ನಮ್ಮ ವರಾಂಡ ಗೋಡೆಯಲ್ಲಿ ಕೂತಿತ್ತು. ಹಸಿರು, ಗುಲಾಬಿ, ಬಿಳಿ, ಅಲೆಅಲೆಯಾಗಿ. ನನ್ನ ಮದುವೆ ಸೀರೆಗೂ ಆ ಬಣ್ಣ ಇರಲಿಲ್ಲ. ಅಡುಗೆಮನೆಗೆ ಹೋಗಿ ಮನೆಯವರನ್ನು ಕರೆತರುವಷ್ಟರಲ್ಲಿ ಹೋಗಿಬಿಟ್ಟಿತ್ತು. ಆಮೇಲೆ ಎಷ್ಟೋ ಸಂಜೆ ಸುಮ್ನೆ ಅಲ್ಲೇ ನಿಂತು ಕಾದಿದ್ದೇನೆ.

ಹಿರಿಯರೂ ಕಾಯುತ್ತಿದ್ದಾರೆ. ಗಿಡ ಚಿಗುರಿದ ತಕ್ಷಣ ತಿಳಿಸಮ್ಮ ಅಂತ ಫೋನ್ ನಂಬರ್ ಕೊಟ್ಟು ಹೋಗಿದ್ದಾರೆ.