ಗುಮ್ಮ ಬರ್ತಾನೆ, ಸಂಬಳ ಕೇಳಬೇಡಿ

ಊಟ ಮಾಡದ ಮಕ್ಕಳಿಗೆ ಗುಮ್ಮನನ್ನು ಕರೆಯುವ ಪದ್ಧತಿ ಈಗ ಕಡಿಮೆಯಾಗಿದೆ. ಮೊಬೈಲ್ ಕೈಗೆ ಕೊಟ್ಟರೆ ತುತ್ತು ತಾನಾಗಿ ಒಳಗೆ ಹೋಗುತ್ತದೆ. ಹಾಗಂತ ಗುಮ್ಮ ನಿರುದ್ಯೋಗಿಯಾಗಿಲ್ಲ. ಅವನಿಗೆ ದೊಡ್ಡವರ ಲೋಕದಲ್ಲಿ ಒಳ್ಳೆ ನೌಕರಿ ಸಿಕ್ಕಿದೆ. ದಾಖಲೆಯಲ್ಲಿ ಆಟೊಮೇಷನ್ ಅಂತ ಹೆಸರು, ಮುದ್ದಿಗೆ ಎಐ ಅಂತಾರೆ. ಮೊದಲು ಬಾಯಿ ತೆರೆಸೋಕೆ ಬರುತ್ತಿದ್ದ, ಈಗ ಬಾಯಿ ಮುಚ್ಚಿಸೋಕೆ ಬರುತ್ತಾನೆ.

ಪೀಣ್ಯದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೆಣ್ಣುಮಗಳೊಬ್ಬಳು "ಸಾರ್, ಈ ಸಂಬಳದಲ್ಲಿ ಮನೆ ಬಾಡಿಗೆ ಕಟ್ಟೋದೇ ಕಷ್ಟ" ಅನ್ನಲಿ. "ಹೊಲಿಯೋ ರೋಬೋ ಬರ್ತಿದೆ ಕಣಮ್ಮ, ಇರೋ ಕೆಲಸ ಉಳಿಸ್ಕೋ" ಎಂಬ ಉತ್ತರ ಸಿದ್ಧವಿರುತ್ತದೆ. ದರ್ಶಿನಿಯಲ್ಲಿ ದೋಸೆ ಹುಯ್ಯುವವನಿಗೆ ದೋಸೆ ಮೆಷಿನ್ ತೋರಿಸುತ್ತಾರೆ. ವೈಟ್‌ಫೀಲ್ಡ್‌ನ ಹುಡುಗ ಇನ್‌ಕ್ರಿಮೆಂಟ್ ಕೇಳಿದರೆ ಎಚ್‌ಆರ್ ಏನನ್ನೂ ತೋರಿಸುವುದಿಲ್ಲ, ಸುಮ್ನೆ ನಗುತ್ತಾರೆ. ಅವನಿಗೆ ಅಷ್ಟು ಸಾಕು.

ಹೊಲಿಯುವ ರೋಬೋ ಬರುತ್ತಿರುವುದು ಸುಳ್ಳಲ್ಲ. ಬಹಳ ವರ್ಷಗಳಿಂದ ಬರುತ್ತಲೇ ಇದೆ. ಬಟ್ಟೆ ಮೆತ್ತಗಿರುತ್ತದೆ, ಜಾರುತ್ತದೆ, ಮುದುಡುತ್ತದೆ. ಅದನ್ನು ಕಾಲರಿಗೂ ತೋಳಿಗೂ ತಿರುಗಿಸಿ ಹಿಡಿಯುವುದು ಕಬ್ಬಿಣದ ಕೈಗೆ ಇನ್ನೂ ಸರಿಯಾಗಿ ಒಗ್ಗಿಲ್ಲ. ಆದರೆ ಗುಮ್ಮ ಬರಲೇಬೇಕು ಅಂತ ನಿಯಮ ಇಲ್ಲವಲ್ಲ. ಬಾಗಿಲ ಹಿಂದೆ ನಿಂತಿದ್ದಾನೆ ಅಂದರೆ ಮುಗಿಯಿತು.

ನ್ಯಾಯವಾದ ಸಂಬಳ ಎಷ್ಟು ಅಂತ ನಮ್ಮವರಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. 1957ರಲ್ಲೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಕೂತು ಲೆಕ್ಕ ಹಾಕಿಟ್ಟಿದ್ದಾರೆ. ದುಡಿಯುವ ಗಂಡಸು ಒಂದು. ಹೆಂಡತಿ 0.8. ಇಬ್ಬರು ಮಕ್ಕಳು ತಲಾ 0.6. ಒಟ್ಟು ಮೂರು ಪಾಲು. ಈ ಒಂದೊಂದಕ್ಕೂ ದಿನಕ್ಕೆ 2,700 ಕ್ಯಾಲೊರಿ ಊಟ. ಮನೆಮಂದಿಗೆಲ್ಲ ಸೇರಿ ವರ್ಷಕ್ಕೆ 72 ಗಜ ಬಟ್ಟೆ. ಗಾರ್ಮೆಂಟ್ಸ್ ಲೈನಿನಲ್ಲಿ ಅಷ್ಟು ಬಟ್ಟೆ ಬೆಳಗಿನ ಟೀಗೆ ಮೊದಲೇ ಶರ್ಟಾಗಿ ಹೋಗಿರುತ್ತದೆ ಅನ್ನುವುದು ಬೇರೆ ಮಾತು. ಮನೆಯಲ್ಲಿ ಅತ್ತೆ ಮಾವ ಇದ್ದರೆ ಅವರು ಸೊನ್ನೆ. ಸೊನ್ನೆಗೆ ಬಿಪಿ ಮಾತ್ರೆ ಬೇಕಾದರೆ ಯಾವ ದಶಾಂಶದಿಂದ ಕಳೆಯಬೇಕು ಅಂತ ಸಮ್ಮೇಳನ ಹೇಳಲಿಲ್ಲ. ಮುಂದೆ ಸುಪ್ರೀಂ ಕೋರ್ಟ್ ಮಧ್ಯೆ ಬಂದು, ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಅಂತ ಇನ್ನೂ ಶೇ 25 ಸೇರಿಸಿ ಎಂದಿತು.

ಲೆಕ್ಕ ಇದೆ, ಕೋರ್ಟಿನ ಮಾತಿದೆ. ಹಾಗಾಗಿ ಕೊಟ್ಟಿರಬೇಕು ಅಲ್ವಾ? ಕೇಂದ್ರ ಸರ್ಕಾರವೇ ನೇಮಿಸಿದ ತಜ್ಞರ ಸಮಿತಿ 2019ರಲ್ಲಿ, ದೇಶದ ತಳಮಟ್ಟದ ಕೂಲಿ ದಿನಕ್ಕೆ 375 ರೂಪಾಯಿ ಇರಲಿ ಎಂದಿತು. ಸರ್ಕಾರ ವರದಿಯನ್ನು ಗೌರವದಿಂದ ಪಡೆದುಕೊಂಡು ಅದೇ ವರ್ಷ 178 ರೂಪಾಯಿ ಘೋಷಿಸಿತು. ಅದಕ್ಕೆ ಮೊದಲು 176 ಇತ್ತು. ಎರಡು ರೂಪಾಯಿ ಜಾಸ್ತಿ. ಆ ಎರಡು ರೂಪಾಯಿಯನ್ನು ಏನು ಮಾಡಬೇಕು ಎನ್ನುವುದು ಕಾರ್ಮಿಕನ ವೈಯಕ್ತಿಕ ಜವಾಬ್ದಾರಿಗೆ ಬಿಟ್ಟದ್ದು. ಮ್ಯೂಚುವಲ್ ಫಂಡಿಗೆ ಹಾಕಬಹುದು.

ನಮ್ಮ ರಾಜ್ಯ ಸರ್ಕಾರ ಸ್ವಲ್ಪ ಧೈರ್ಯ ತೋರಿಸಿತು. 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಕನಿಷ್ಠ ವೇತನದ ಕರಡಿನಲ್ಲಿ ಹಳೆಯ ಕ್ಯಾಲೊರಿ ಲೆಕ್ಕವನ್ನೇ ಇಟ್ಟುಕೊಂಡು ಕೂಡಿದರು. ಅತಿ ಕೆಳಗಿನ ಸಂಬಳವೇ 19 ಸಾವಿರ ದಾಟಿತು. ಉದ್ಯಮಿಗಳ ಸಂಘಗಳು ಗಾಬರಿಯಾದವು. ಕಾರ್ಮಿಕರು 2,700 ಕ್ಯಾಲೊರಿ ತಿನ್ನುವುದಕ್ಕೆ ಅವರ ವಿರೋಧ ಇರಲಿಲ್ಲ. ತಮ್ಮ ಖರ್ಚಿನಲ್ಲಿ ತಿನ್ನುವುದಕ್ಕೆ ಇತ್ತು.

ಈ ಗಲಾಟೆಯ ನಡುವೆ ಒಂದು ಸಣ್ಣ ಲೆಕ್ಕ ನನಗೆ ಅರ್ಥವಾಗುವುದೇ ಇಲ್ಲ. ಕೆಲಸವನ್ನೆಲ್ಲ ಮೆಷಿನ್ ಮಾಡಿಬಿಡುತ್ತದೆ ಅಂತಾರೆ. ಅದೇ ಬಾಯಲ್ಲಿ ನೀವು ಇನ್ನೂ ಜಾಸ್ತಿ ಹೊತ್ತು ದುಡಿಯಬೇಕು ಅಂತಲೂ ಅಂತಾರೆ. 1930ರಲ್ಲಿ ಕೇನ್ಸ್ ಎಂಬ ಅರ್ಥಶಾಸ್ತ್ರಜ್ಞ, ಯಂತ್ರಗಳು ಹೀಗೇ ಬೆಳೆದರೆ ನೂರು ವರ್ಷದಲ್ಲಿ ಮನುಷ್ಯ 15 ಗಂಟೆ ದುಡಿದರೆ ಸಾಕಾಗುತ್ತದೆ ಅಂದಿದ್ದರು. ವಾರಕ್ಕೆ. ನಮ್ಮವರು ಅವಸರದಲ್ಲಿ ದಿನಕ್ಕೆ ಅಂತ ಓದಿಕೊಂಡಂತಿದೆ. 2023ರಲ್ಲಿ ನಾರಾಯಣಮೂರ್ತಿಯವರು ವಾರಕ್ಕೆ 70 ಗಂಟೆ ಎಂದರು. 2024ರಲ್ಲಿ ಕರ್ನಾಟಕದ ಐಟಿಯಲ್ಲಿ ದಿನಕ್ಕೆ 14 ಗಂಟೆಗೆ ದಾರಿ ಮಾಡುವ ಪ್ರಸ್ತಾಪ ಬಂದು, ನೌಕರರ ಸಂಘ ಬೀದಿಗೆ ಇಳಿಯಬೇಕಾಯಿತು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ 90 ಗಂಟೆಯ ಮಾತಾಡಿದರು. ಭಾನುವಾರ ಬಿಟ್ಟು ಭಾಗಿಸಿ ನೋಡಿ, ದಿನಕ್ಕೆ ಸರಿಯಾಗಿ 15. ಕೇನ್ಸ್ ಹೇಳಿದ ಗಡುವಿಗೆ ಐದು ವರ್ಷ ಮೊದಲೇ ಗುರಿ ಮುಟ್ಟಿದ್ದೇವೆ. ಆದರೆ ಭಾನುವಾರ ಬಿಡಲು ಅವರಿಗೆ ಮನಸ್ಸಿರಲಿಲ್ಲ. ಮನೆಯಲ್ಲಿ ಕೂತು ಹೆಂಡತಿ ಮುಖ ಎಷ್ಟು ಹೊತ್ತು ನೋಡ್ತೀರಿ ಅಂತ ಕೇಳಿದರು. ಸರ್ಕಾರಿ ಲೆಕ್ಕದಲ್ಲಿ 0.8 ಮಾತ್ರ ಇರುವ ಹೆಂಡತಿಯನ್ನು ಅಷ್ಟು ಹೊತ್ತು ನೋಡುವುದು ದುಂದುಗಾರಿಕೆಯೇ ಇರಬಹುದು.

ಇನ್ನು ಗುಮ್ಮನ ವಿಶೇಷ ಗುಣ ಗೊತ್ತಾಗುವುದು ಕೆಲಸ ಹೋದಾಗ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕೈಬಿಡುವುದಾಗಿ ಹೇಳಿತು. ಇದಕ್ಕೆ ಎಐ ಕಾರಣವಲ್ಲ, ಕೌಶಲ ಹೊಂದದಿರುವುದು ಕಾರಣ ಎಂಬ ವಿವರಣೆಯೂ ಬಂತು. ನೋಡಿ, ಸಂಬಳ ಕೇಳುವಾಗ ಎಐ ಬಾಗಿಲಲ್ಲೇ ನಿಂತಿರುತ್ತದೆ. ಕೆಲಸ ಹೋದ ಮೇಲೆ ಹುಡುಕಿದರೆ ಅದು ಅಲ್ಲಿ ಇರಲೇ ಇಲ್ಲ! ಅಲ್ಲಿ ಇದ್ದದ್ದು ನೀವು ಮಾತ್ರ. ಹಾಗಾಗಿ ತಪ್ಪು ನಿಮ್ಮದೇ.

ವೈಯಕ್ತಿಕ ಜವಾಬ್ದಾರಿ ಅಂದರೆ ಇದೇ. ಯಾವುದೇ ಐಟಿ ಕಂಪನಿಯ ನಡುವಯಸ್ಸಿನ ನೌಕರನನ್ನು ತೆಗೆದುಕೊಳ್ಳಿ. ಬ್ಯಾಂಕೊಂದರ ಹಳೇ ಕಾಲದ ದೊಡ್ಡ ಕಂಪ್ಯೂಟರ್, ಅಂದರೆ ಮೇನ್‌ಫ್ರೇಮ್ ಪ್ರಾಜೆಕ್ಟಿಗೆ ಅವನನ್ನು ಹಾಕಿದ್ದು ಕಂಪನಿ. ಬೇರೆ ಪ್ರಾಜೆಕ್ಟ್ ಕೇಳಿದಾಗ "ಕ್ಲೈಂಟ್ ಬಿಡ್ತಿಲ್ಲಪ್ಪ" ಅಂದದ್ದು ಮ್ಯಾನೇಜರ್. ಬಿಲ್ ಮಾಡಿ ಲಾಭ ತೆಗೆದುಕೊಂಡಿದ್ದು ಷೇರುದಾರರು. ಮೇನ್‌ಫ್ರೇಮ್ ಬಿಟ್ಟರೆ ಬೇರೇನೂ ಬಾರದೇ ಹೋದದ್ದು ಮಾತ್ರ ಪೂರ್ತಿ ಅವನ ಸ್ವಂತ ಸಾಧನೆ. ಅಪ್‌ಸ್ಕಿಲ್ ಆಗಬೇಕಿತ್ತು. ಯಾವಾಗ? ವಾರಕ್ಕೆ 168 ಗಂಟೆ ಇವೆ, 90 ಕಳೆದರೂ 78 ಉಳಿಯುತ್ತವೆ. ನಿದ್ದೆ, ಸಿಲ್ಕ್ ಬೋರ್ಡ್ ಸಿಗ್ನಲ್, ಸ್ನಾನ ಎಲ್ಲ ತೆಗೆದು ಉಳಿದದ್ದರಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಬಹುದಿತ್ತು.

ಇಷ್ಟು ಚುರುಕಾದ ಗುಮ್ಮ ಒಂದು ಕಡೆ ಮಾತ್ರ ಎಷ್ಟು ಕರೆದರೂ ಬರುವುದಿಲ್ಲ. ಮ್ಯಾನ್‌ಹೋಲ್ ಹತ್ತಿರ.

ಕೈಯಿಂದ ಮಲ ಬಾಚಿಸಬಾರದು ಅಂತ 1993ರಲ್ಲಿ ಕಾನೂನು ಬಂತು. ಅದು ಸಾಲದು ಅಂತ 2013ರಲ್ಲಿ ಇನ್ನೊಂದು ಬಂತು. 2018ರಲ್ಲಿ ತಿರುವನಂತಪುರದ ಎಂಜಿನಿಯರ್ ಹುಡುಗರು ಗುಂಡಿಗೆ ಇಳಿಯುವ ರೋಬೋವನ್ನೇ ಮಾಡಿ ಕೊಟ್ಟರು. 2023ರಲ್ಲಿ ಸುಪ್ರೀಂ ಕೋರ್ಟ್, ಒಳಚರಂಡಿಯಲ್ಲಿ ಸತ್ತವರ ಮನೆಗೆ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. 90 ಗಂಟೆಯ ಮಾತು ಕೇಳಿಬಂದ ಅದೇ ಜನವರಿಯಲ್ಲಿ, ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಇಳಿಸುವುದು ನಿಲ್ಲಲೇಬೇಕು ಎಂದು ಆದೇಶಿಸಿತು. ಕಾನೂನು ಇದೆ, ಕೋರ್ಟ್ ಇದೆ, ರೋಬೋ ಕೂಡ ಇದೆ. ಆದರೂ ದೇಶದಲ್ಲಿ ಯಾರೋ ಒಬ್ಬ ಇಳಿಯುತ್ತಲೇ ಇರುತ್ತಾನೆ. ಮೇಲೆ ಬರದಿದ್ದರೆ ಕಂಟ್ರಾಕ್ಟರ್ ಹೇಳುವ ಮಾತು ಒಂದೇ. "ನಾವು ಇಳಿ ಅಂದಿರಲಿಲ್ಲ ಸಾರ್, ಅವನಾಗಿ ಇಳಿದ." ಇಲ್ಲೂ ವೈಯಕ್ತಿಕ ಜವಾಬ್ದಾರಿ.

ಮೆಷಿನ್ ಯಾಕೆ ಬರಲಿಲ್ಲ ಅಂದರೆ ಅದಕ್ಕೆ ದುಡ್ಡು ಬೇಕು. ಡೀಸೆಲ್, ಡ್ರೈವರ್, ರಿಪೇರಿ ಎಲ್ಲ ಬೇಕು. ಮನುಷ್ಯನಿಗೆ ಒಂದು ಹಗ್ಗ ಸಾಕು, ಕೆಲವು ಕಡೆ ಅದೂ ಬೇಡ. ಇಷ್ಟು ಅಗ್ಗಕ್ಕೆ ಸಿಗುವವನ ಜೊತೆ ಯಾವ ಎಐ ಪೈಪೋಟಿ ಮಾಡೀತು?

ಹಾಗಾಗಿ ಮಾಲೀಕರ ಮಾತನ್ನೇ ಹಿಡಿದುಕೊಂಡು ನಾನೊಂದು ಯೋಜನೆ ಕೊಡುತ್ತೇನೆ. ಸಂಬಳ ಜಾಸ್ತಿ ಮಾಡಿದರೆ ಮೆಷಿನ್ ಬರುತ್ತದೆ ಅಂತೀರಲ್ಲ, ಒಳ್ಳೆಯದಾಯಿತು. ಒಳಚರಂಡಿ ಕೆಲಸಕ್ಕೆ ತಿಂಗಳಿಗೆ ಐದು ಲಕ್ಷ ಸಂಬಳ ಅಂತ ಇವತ್ತೇ ಆದೇಶ ಹೊರಡಿಸಿ. ನಾಳೆ ಬೆಳಿಗ್ಗೆ ಹೊತ್ತಿಗೆ ಹಣಕಾಸು ಇಲಾಖೆಯೇ ರೋಬೋ ಟೆಂಡರ್ ಕರೆದಿರುತ್ತದೆ.

ಒಂದೇ ತೊಂದರೆ. ಮೀಸಲಾತಿ ವಿರುದ್ಧ ಯಾರೂ ಒಂದು ಪೋಸ್ಟ್ ಕೂಡ ಹಾಕದ ಕೆಲಸ ಇದ್ದರೆ ಅದು ಇದೇ. ಐದು ಲಕ್ಷ ಅಂದ ತಕ್ಷಣ ಮೆರಿಟ್ ನೆನಪಾಗುತ್ತದೆ. ವಿಜಯನಗರದಲ್ಲಿ ಕೋಚಿಂಗ್ ಸೆಂಟರ್ ಬೋರ್ಡ್ ಏಳುತ್ತವೆ. ಕೆಪಿಎಸ್‌ಸಿ ಪರೀಕ್ಷೆ ಮಾಡುತ್ತದೆ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಅನುವಾದ ತಪ್ಪಾಗುತ್ತದೆ, ಮರುಪರೀಕ್ಷೆ ಮಾಡುತ್ತಾರೆ, ಅದರಲ್ಲೂ ತಪ್ಪಾಗುತ್ತದೆ, ಕೇಸು ಕೋರ್ಟಿಗೆ ಹೋಗುತ್ತದೆ. ಆಯ್ಕೆ ಪಟ್ಟಿ ಹೊರಬರುವ ಹೊತ್ತಿಗೆ ಟೆಂಡರಿನಲ್ಲಿ ಬಂದ ರೋಬೋ ರಿಟೈರ್ ಆಗಿ, ಪೆನ್ಷನ್‌ಗೆ ಅರ್ಜಿ ಹಿಡಿದು ಸಾಲಿನಲ್ಲಿ ನಿಂತಿರುತ್ತದೆ.